ಕಡಲತೀರದ ದೀಪ ಮರಳಿಗೆ ಬೀಳಲಿ, ಆಕಾಶಕ್ಕೆ ಬೇಡ

ಮಾನ್ಯ ಸಂಪಾದಕರೇ,

ಈ ಏಪ್ರಿಲ್‌ನಲ್ಲಿ ರಾತ್ರಿ ಎಂಟರ ಹೊತ್ತಿಗೆ ಕಾರವಾರದ ಕಡಲತೀರದಲ್ಲಿ ನಿಂತು ಪಶ್ಚಿಮಕ್ಕೆ ನೋಡಿದರೆ, ಸಮುದ್ರದ ಮೇಲೆ ಸಾಲಾಗಿ ಮೂರು ನಕ್ಷತ್ರ ಕಾಣುತ್ತವೆ. ಅವುಗಳ ಬಲಕ್ಕೆ ಕೆಂಪಗಿರುವುದು ಆರಿದ್ರಾ. ಮಳೆ ಲೆಕ್ಕ ಹಾಕುವ ನಮ್ಮ ರೈತರಿಗೆಲ್ಲ ಗೊತ್ತಿರುವ ಹೆಸರು. ಎಡಕ್ಕೆ, ಹೆಚ್ಚುಕಡಿಮೆ ಅಷ್ಟೇ ದೂರದಲ್ಲಿ, ನೀಲಿ ಬಿಳುಪಾಗಿ ಹೊಳೆಯುವುದು ರೈಜೆಲ್. ಬರಿಗಣ್ಣು ಸಾಕು, ದುರ್ಬೀನು ಏನೂ ಬೇಡ.

ಈ ರೈಜೆಲ್ ಎಂಥ ದೈತ್ಯ ಅಂದರೆ, ಅದರ ಅಡ್ಡಗಲ ಸೂರ್ಯನ 70 ಪಟ್ಟಿಗೂ ಜಾಸ್ತಿ, ಬೆಳಕು ಒಂದು ಲಕ್ಷ ಪಟ್ಟಿಗೂ ಜಾಸ್ತಿ. ಸೂರ್ಯನ ಮೇಲ್ಮೈ ಬಿಸಿ ಸುಮಾರು 5,500 ಡಿಗ್ರಿ, ಇದರದ್ದು 12,000ದ ಆಸುಪಾಸು. ಕುಲುಮೆಯಲ್ಲಿ ಕಬ್ಬಿಣ ಮೊದಲು ಕೆಂಪಾಗಿ, ಬಿಸಿ ಏರಿದ ಹಾಗೆ ಬೆಳ್ಳಗಾಗುತ್ತದಲ್ವಾ, ಇಲ್ಲೂ ಅದೇ ಲೆಕ್ಕ. ಕೆಂಪು ಆರಿದ್ರಾ ತಣ್ಣಗಿನದು, ನೀಲಿ ರೈಜೆಲ್ ಬಿಸಿಯದು. ನಮಗೆ ಈಗ ಕಾಣುವ ಅದರ ಬೆಳಕು ಅಲ್ಲಿಂದ ಹೊರಟು ಸುಮಾರು 860 ವರ್ಷ ಆಗಿದೆ, ಅಂದರೆ ಹೆಚ್ಚುಕಡಿಮೆ ಬಸವಣ್ಣನವರ ಕಾಲದ್ದು. ಸೂರ್ಯನಿಗೆ 460 ಕೋಟಿ ವರ್ಷ ವಯಸ್ಸು, ಇದಕ್ಕೆ ಒಂದು ಕೋಟಿ ವರ್ಷವೂ ಆದ ಹಾಗಿಲ್ಲ, ಆಗಲೇ ಒಡಲೊಳಗಿನ ಹೈಡ್ರೋಜನ್ ಮುಗಿಸಿಕೊಂಡಿದೆ. ಮುಂದೊಂದು ದಿನ ಸಿಡಿಯುವುದೇ.

ಇಷ್ಟೆಲ್ಲ ತಲೆ ಮೇಲಿದ್ದರೂ ರಜೆಗೆ ಬಂದ ಮಕ್ಕಳಿಗೆ ತೋರಿಸೋಣ ಅಂದರೆ ಎತ್ತರದ ಕಂಬಗಳ ಎಲ್ಇಡಿ ದೀಪ ನೇರ ಕಣ್ಣಿಗೆ ಹೊಡೆಯುತ್ತದೆ. ಬೆಳಕು ಗಾಳಿಮರಗಳ ತುದಿಯವರೆಗೂ ಹೋಗಿ ಬೀಳುತ್ತದೆ, ಕಂಬದ ಬುಡದಲ್ಲಿ ಚುರುಮುರಿ ಮಾರುವವರು ಮಾತ್ರ ಮೊಬೈಲ್ ಟಾರ್ಚ್ ಹಚ್ಚಿಕೊಂಡು ಚಿಲ್ಲರೆ ಎಣಿಸುತ್ತಾರೆ. ಯಾರಿಗೆ ಬಂತು ಈ ಬೆಳಕು? ರೈಜೆಲ್ ಪ್ರಖರವಾಗಿರುವುದರಿಂದ ಹೇಗೋ ಒಂದು ಚುಕ್ಕೆಯಾಗಿ ಕಂಡೀತು, ಆದರೆ ಅದರ ನೀಲಿ ಬಣ್ಣ ಹೋಗಿಬಿಡುತ್ತದೆ, ಸುತ್ತಲಿನ ಸಣ್ಣ ನಕ್ಷತ್ರಗಳಂತೂ ಇಲ್ಲವೇ ಇಲ್ಲ.

ದೀಪ ತೆಗೆಯಿರಿ ಅಂತ ನಾನು ಹೇಳುತ್ತಿಲ್ಲ, ರಾತ್ರಿ ಓಡಾಡುವ ಹೆಂಗಸರಿಗೆ, ವಯಸ್ಸಾದವರಿಗೆ ಬೆಳಕು ಬೇಕೇ ಬೇಕು. ಸುಮ್ನೆ ದೀಪದ ಮುಖ ಕೆಳಕ್ಕೆ ತಿರುಗಿಸಿ, ಮೇಲೆ ಒಂದು ತಗಡಿನ ಮುಚ್ಚಳ ಹಾಕಿ, ಜನ ಕಡಿಮೆಯಾದ ಮೇಲೆ ಅರ್ಧ ಆರಿಸಿ. ನಮ್ಮ ತೀರದಲ್ಲಿ ಮೊಟ್ಟೆಯೊಡೆದು ಬರುವ ಕಡಲಾಮೆ ಮರಿಗಳೂ ಇಂಥ ಬೆಳಕು ಕಂಡು ಸಮುದ್ರ ಬಿಟ್ಟು ದಡದ ಕಡೆ ಹೋಗುತ್ತವೆ, ಅವಕ್ಕೂ ಉಪಕಾರ.

ಮೇ ಅರ್ಧ ಕಳೆಯುವಷ್ಟರಲ್ಲಿ ರೈಜೆಲ್ ಸಂಜೆಯ ಆಕಾಶದಿಂದ ಮರೆಯಾಗುತ್ತದೆ, ಮತ್ತೆ ಸಂಜೆ ಹೊತ್ತು ಕಾಣುವುದು ಡಿಸೆಂಬರ್‌ನಲ್ಲಿ, ಪೂರ್ವದ ಗುಡ್ಡಗಳ ಕಡೆಯಿಂದ. ಮಳೆಗಾಲಕ್ಕೆ ಮುಂಚೆ ಕಂಬಗಳ ರಿಪೇರಿ ಮಾಡಿಸುವಾಗಲೇ ಸಂಬಂಧಪಟ್ಟವರು ಈ ಕೆಲಸವನ್ನೂ ಮುಗಿಸಲಿ.

– ಒಬ್ಬ ಓದುಗ, ಕಾರವಾರ