ಬೆಳಗಿನ ಬಿಪಿಯನ್ನೂ ನೋಡು ಅಣ್ಣ

ಗ್ಲಾಸ್ಗೋ
16 ನವೆಂಬರ್ 2025

ಪ್ರೀತಿಯ ಅಣ್ಣನಿಗೆ ನಮಸ್ಕಾರಗಳು.

ನಾವಿಲ್ಲಿ ಕ್ಷೇಮ. ಅವ್ವನ ಮಂಡಿನೋವು ಇಳಿದಿದೆ ಎಂದು ತಿಳಿದು ಸಮಾಧಾನವಾಯಿತು. ಮೆಕ್ಕೆಜೋಳದ ಸೀಸನ್ನಿನಲ್ಲಿ ನಿನಗೆ ಪುರುಸೊತ್ತಿರುವುದಿಲ್ಲ, ಗೊತ್ತು. ಆದರೂ ಇದನ್ನು ಅಂಗಡಿಯ ಗಲ್ಲಾದೊಳಗೆ ಹಾಕಿ ಮರೆಯಬೇಡ, ಕುಳಿತು ಓದು.

ಅತ್ತಿಗೆ ಕಾಗದದ ಜೊತೆಗೆ ಅಕ್ಟೋಬರ್ ತಿಂಗಳ ಕ್ಯಾಲೆಂಡರ್ ಹಾಳೆಯನ್ನೇ ಹರಿದು ಕಳಿಸಿದ್ದಾರೆ. ಅವರ ಮೇಲೆ ಸಿಟ್ಟಾಗಬೇಡ. ಹಾಲಿನ ಲೆಕ್ಕದ ಗೀಟುಗಳ ಪಕ್ಕದಲ್ಲಿ ಪೆನ್ಸಿಲಿನಲ್ಲಿ ನಿನ್ನ ಬಿಪಿ ಬರೆದಿದ್ದಾರೆ. ನೀನು ದಿನಾ ಕುಡಿದಾದ ಮೇಲೆ ರಾತ್ರಿ ಹತ್ತಕ್ಕೆ ನೋಡಿದ್ದು 136/84, 138/86. ನೀನು ಇದನ್ನು ನೋಡಿಯೇ 'ನೂರ ನಲವತ್ತರೊಳಗೇ ಇದೆಯಲ್ಲ' ಎಂದು ಮಾತ್ರೆ ನಿಲ್ಲಿಸಿದೆಯಂತೆ. ಆದರೆ ಅದೇ ಹಾಳೆಯಲ್ಲಿ ಮೂರು ದಿನ, ನೀನು ಎಪಿಎಂಸಿಗೆ ಹೊರಡುವ ಮುಂಚೆ ಬೆಳಿಗ್ಗೆ ಒಂಬತ್ತು ಗಂಟೆಗೆ ನೋಡಿದ್ದೂ ಇದೆ: 150/94, 148/92, 152/94. ಆ ಮೂರನ್ನು ಅತ್ತಿಗೆ ಎಷ್ಟು ಒತ್ತಿ ಬರೆದಿದ್ದಾರೆ ಎಂದರೆ ಹಾಳೆಯ ಹಿಂಬದಿಯಲ್ಲಿ ಬೆರಳಾಡಿಸಿದರೆ ಅಂಕಿಗಳು ಕೈಗೆ ತಾಗುತ್ತವೆ.

ಆ ಹಾಳೆಯನ್ನು ನಮ್ಮ ಕ್ಲಿನಿಕ್ಕಿನ ನರ್ಸಿಗೆ ತೋರಿಸಿದೆ. ಇಲ್ಲಿ ಹೆಸರು ನೋಂದಾಯಿಸುವಾಗಲೇ ಹೆಂಗಸು ಗಂಡಸು ಎನ್ನದೆ ಎಲ್ಲರನ್ನೂ ವಾರಕ್ಕೆ ಎಷ್ಟು ಕುಡಿಯುತ್ತೀರಿ ಎಂದು ಕೇಳುತ್ತಾರೆ. ನನ್ನನ್ನೂ ಕೇಳಿದ್ದರು! ನಿನ್ನ ಅಂಕಿಗಳನ್ನು ನೋಡಿದವರೇ ಅವರು ಮೊದಲು ಕೇಳಿದ್ದು, 'ಕುಡಿಯುವುದು ಎಷ್ಟು ಗಂಟೆಗೆ?' ಎಂದು. ರಾತ್ರಿ ಎಂಟಕ್ಕೆ ಎಂದೆ. ಆಮೇಲೆ ಅವರು ಹೇಳಿದ್ದನ್ನು ನಿನಗೆ ಹಾಗೆಯೇ ಬರೆಯುತ್ತಿದ್ದೇನೆ.

ಮದ್ಯ ಒಳಗೆ ಹೋದ ಮೇಲೆ ಕೆಲವು ಗಂಟೆ ರಕ್ತನಾಳಗಳು ಸಡಿಲವಾಗಿ ಬಿಪಿ ಸ್ವಲ್ಪ ಇಳಿಯುತ್ತದೆ. 30 ಗ್ರಾಂಗಿಂತ ಹೆಚ್ಚು ಆಲ್ಕೋಹಾಲ್ ಕುಡಿದರೆ ಸುಮಾರು 12 ಗಂಟೆಯವರೆಗೆ ಇಳಿದಿದ್ದು, 13 ಗಂಟೆಯ ನಂತರ ಮೊದಲಿದ್ದುದಕ್ಕಿಂತ ಮೇಲೇರುತ್ತದೆ. ನಶೆ ಇಳಿದ ಹಾಗೆ ನಾಳಗಳು ಮತ್ತೆ ಬಿಗಿಯುತ್ತವೆ. ನಿನ್ನ ರಾತ್ರಿ ಎಂಟರಿಂದ ಲೆಕ್ಕ ಹಾಕು, 13 ಗಂಟೆ ಎಂದರೆ ಬೆಳಿಗ್ಗೆ ಒಂಬತ್ತು. ನೀನು ನಂಬಿದ ರಾತ್ರಿಯ ಅಂಕಿಯೇ ನಿನಗೆ ಮೋಸ ಮಾಡುತ್ತಿದೆ, ಅಣ್ಣ. ದಿನಾ ಕುಡಿದರೆ ಏರಿದ ಬಿಪಿ ಏರಿಯೇ ನಿಲ್ಲುತ್ತದೆ. ಅಪ್ಪನಿಗೆ ಲಕ್ವ ಹೊಡೆದದ್ದೂ ಬೆಳಗಿನ ಹೊತ್ತು, ನೀರಿನ ತೊಟ್ಟಿಯ ಹತ್ತಿರ. ಎತ್ತಿಕೊಂಡು ಓಡಿದವನು ನೀನೇ.

'ನೈಂಟಿ ಅಷ್ಟೇ' ಎನ್ನುತ್ತೀಯ. 42.8 ಪ್ರತಿಶತದ ವಿಸ್ಕಿ 90 ಎಂಎಲ್ ಎಂದರೆ ಅದರಲ್ಲಿ ಆಲ್ಕೋಹಾಲ್ 30 ಗ್ರಾಂಗಿಂತ ತುಸು ಹೆಚ್ಚೇ. ಇಲ್ಲಿನವರು ಆಲ್ಕೋಹಾಲನ್ನು ಅಳೆಯುವ 'ಯುನಿಟ್' ಲೆಕ್ಕದಲ್ಲಿ ಹತ್ತಿರ ಹತ್ತಿರ ನಾಲ್ಕು. ವಾರಕ್ಕೆ 14 ಯುನಿಟ್ ದಾಟಬೇಡಿ ಎಂದು ಇಲ್ಲಿನ ವೈದ್ಯರು 2016ರಿಂದ ಹೇಳುತ್ತಿದ್ದಾರೆ. ನಾಲ್ಕೇ ರಾತ್ರಿಗೆ ನಿನ್ನ ವಾರ ಮುಗಿಯಿತು. ಅದೂ ಈಗ ಎಷ್ಟೋ ದಿನ ಕ್ವಾರ್ಟರ್ ಆಗುತ್ತಿದೆ ಎಂದು ಅತ್ತಿಗೆ ಬರೆದಿದ್ದಾರೆ. ಸ್ವಲ್ಪ ಕುಡಿದರೆ ಹೃದಯಕ್ಕೆ ಒಳ್ಳೆಯದು ಎನ್ನುವ ಮಾತನ್ನೂ ಬಿಡು. ಯಾವ ಪ್ರಮಾಣವೂ ಸುರಕ್ಷಿತವಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲೇ ಹೇಳಿದೆ.

ಸ್ಕಾಚ್ ಹುಟ್ಟಿದ ಸ್ಕಾಟ್ಲೆಂಡಿನವರು ಕುಡಿದೂ ಗಟ್ಟಿಯಾಗಿದ್ದಾರೆ ಎಂದು ನೀನು ಫೋನಿನಲ್ಲಿ ಹೇಳಿದ್ದೆ. ಇಲ್ಲ ಅಣ್ಣ. 55 ಲಕ್ಷ ಜನರ ಈ ನಾಡಿನಲ್ಲಿ 2023ರಲ್ಲಿ ಕುಡಿತದಿಂದಲೇ ಸತ್ತವರು 1,277 ಮಂದಿ. ಅದಕ್ಕೇ ಇಲ್ಲಿ ಅಂಗಡಿಯವರು ಬೆಳಿಗ್ಗೆ ಹತ್ತಕ್ಕೆ ಮುಂಚೆ, ರಾತ್ರಿ ಹತ್ತರ ನಂತರ ಬಾಟಲಿ ಮಾರುವಂತಿಲ್ಲ. ಒಂದು ಯುನಿಟ್ಟಿಗೆ 65 ಪೆನ್ಸ್‌ಗಿಂತ ಅಗ್ಗವಾಗಿ ಕೊಡುವಂತೆಯೂ ಇಲ್ಲ. ಇದೆಲ್ಲ ನನಗೆ ಮೊದಲು ವಿಚಿತ್ರ ಎನಿಸಿತ್ತು, ಈಗ ಮೆಚ್ಚುಗೆಯಿದೆ. ಬರುವಾಗ ಒಂದು ಬಾಟಲಿ ತಾ ಎಂದಿದ್ದೆಯಲ್ಲ, ತರುವುದಿಲ್ಲ. ಬೇಸರ ಮಾಡಿಕೊಂಡರೂ ಸರಿ.

ಒಂದು ಮಾತು ಮಾತ್ರ ಮರೆಯಬೇಡ. ರೋಷದಲ್ಲಿ ನಾಳೆಯೇ ಪೂರ್ತಿ ನಿಲ್ಲಿಸಬೇಡ. ಬೆಳಿಗ್ಗೆ ಚಹಾದ ಲೋಟ ಹಿಡಿದಾಗ ನಿನ್ನ ಕೈ ನಡುಗುತ್ತದೆಯಂತೆ. ಹಾಗಿರುವವರು ಒಮ್ಮೆಲೇ ಬಿಟ್ಟರೆ ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯ. ಮೊದಲು ಡಾಕ್ಟರ ಹತ್ತಿರ ಹೋಗು. ಎಷ್ಟು ಕುಡಿಯುತ್ತೀಯ ಎಂಬುದನ್ನು ಮುಚ್ಚಿಡದೆ ಹೇಳು, ಮಾತ್ರೆ ನಿಲ್ಲಿಸಿದ್ದನ್ನೂ ಹೇಳು. ಎರಡು ಮೆಡಿಕಲ್ ಕಾಲೇಜುಗಳಿರುವ ದಾವಣಗೆರೆಯಲ್ಲಿ ಡಾಕ್ಟರಿಗೆ ಬರವೇ? ಅವರು ಹೇಳಿದ ಹಾಗೆ ಕಡಿಮೆ ಮಾಡಿದರೆ ಕೆಲವೇ ವಾರಗಳಲ್ಲಿ ಬಿಪಿಯೂ ಇಳಿಯುತ್ತದೆಯಂತೆ. ಸಂಜೆಯ ಮಿರ್ಚಿ, ಖಾರ ಮಂಡಕ್ಕಿಯ ಉಪ್ಪನ್ನೂ ಸ್ವಲ್ಪ ನೋಡಿಕೋ.

ನನ್ನ ಬಗ್ಗೆ ಯಾರೂ ಚಿಂತೆ ಮಾಡಬೇಡಿ. ಚೆನ್ನಾಗಿದ್ದೇನೆ, ಊಟ ನಿದ್ದೆ ಎಲ್ಲ ಸರಿಯಾಗಿದೆ, ಕೆಲಸವೂ ಸರಿಯಾಗಿದೆ, ಚಳಿಗೆ ದಪ್ಪ ಕೋಟು ಕೊಂಡಿದ್ದೇನೆ. ನಿಜವಾಗಿಯೂ ಏನೂ ತೊಂದರೆಯಿಲ್ಲ. ಅವ್ವನಿಗೆ ಇದನ್ನೆಲ್ಲ ಓದಿ ಹೇಳಬೇಡ, ಹೆದರುತ್ತಾಳೆ. ಡಾಕ್ಟರ ಫೀಸನ್ನು ನಿನ್ನ ಖಾತೆಗೆ ಹಾಕಿದ್ದೇನೆ, ಬೇಡ ಎನ್ನಬೇಡ. ನವೆಂಬರ್ ಹಾಳೆಯಲ್ಲಿ ಬೆಳಗಿನ ಒಂಬತ್ತರ ಅಂಕಿಯನ್ನು ದಿನಾ ನೀನೇ ಬರೆದು, ತಿಂಗಳು ಮುಗಿದ ಮೇಲೆ ಕಳಿಸು. ಬಸ್ಸಿನ ಹೊತ್ತಾಯಿತು, ದಾರಿಯಲ್ಲೇ ಅಂಚೆಗೆ ಹಾಕುತ್ತೇನೆ. ಮಕ್ಕಳಿಗೆ ಮುತ್ತು.

ನಿನ್ನ ತಂಗಿ