ಬೇಗ ಮೇಲೆ ಬಂದದ್ದಕ್ಕೆ ಸಾರಿ ಯಾಕೋ?

ಪ್ರೀತಿಯ ಗೆಳೆಯ,

ಅವತ್ತು ಡೈವ್ ಮುಗಿಸಿ ಕಾರಿನಲ್ಲಿ ಬರುವಾಗ ನೀನು ಒಂದೇ ಸಮನೆ ಸಾರಿ ಹೇಳುತ್ತಿದ್ದೆ. ನಿನಗೆ ಚಳಿ ಹತ್ತಿ ಬೇಗ ಮೇಲೆ ಬಂದದ್ದರಿಂದ ನನ್ನ ಬೆಳಗು ಹಾಳಾಯಿತಂತೆ. ನನಗೋ ಹಲ್ಲು ಕಟಕಟ ಅನ್ನುತ್ತಿತ್ತು, ನೆಟ್ಟಗೆ ಉತ್ತರ ಕೊಡೋಕೆ ಆಗಲಿಲ್ಲ. ಅದಕ್ಕೇ ಈಗ ಬರೆಯುತ್ತಿದ್ದೇನೆ. ಏನೂ ಹಾಳಾಗಿಲ್ಲ ಮಾರಾಯ.

ನೀರಿಗೆ ಇಳಿದಾಗಿನದ್ದು ಮೊದಲು ಹೇಳುತ್ತೇನೆ. ಸೊಂಟದ ತನಕ ನೀನು ಜೋರಾಗೇ ಇದ್ದೆ. ಡೈವಿಂಗ್ ಸೂಟಿನ ಕತ್ತಿನ ಹಿಂದಿನ ಜಿಪ್ ಸಂದಿಯಿಂದ ನೀರು ಬೆನ್ನಿಗೆ ಇಳಿದದ್ದೇ ತಡ, ಹಾ ಅಂತ ಉಸಿರು ಎಳೆದುಕೊಂಡು ನನ್ನ ತೋಳು ಹಿಡಿದುಕೊಂಡೆ. ಅದು ಹೆದರಿಕೆಯಲ್ಲ. ತಣ್ಣೀರು ಚರ್ಮಕ್ಕೆ ತಗುಲಿದರೆ ಮೈ ತಾನಾಗೇ ಹಾಗೆ ಏದುಸಿರು ಬಿಡುತ್ತದೆ, ಎರಡು ಮೂರು ನಿಮಿಷದಲ್ಲಿ ಇಳಿಯುತ್ತದೆ. ನಿನ್ನನ್ನು ಎದೆಮಟ್ಟದ ನೀರಿನಲ್ಲಿ ಸುಮ್ನೆ ನಿಲ್ಲಿಸಿಕೊಂಡದ್ದು ಅದಕ್ಕೇ. ಆ ಉಸಿರಿನಲ್ಲೇ ಕೆಳಗೆ ಹೋದರೆ ಗಾಳಿಯೂ ಜಾಸ್ತಿ ಖರ್ಚು, ತಲೆಯೂ ಓಡಲ್ಲ.

ಕೆಳಗೆ ಮಾತ್ರ ಏನು ಚೆನ್ನಾಗಿತ್ತು ಅಲ್ವಾ! ಇನ್ನೂ ಪೂರ್ತಿ ಬೆಳಗಾಗಿರಲಿಲ್ಲ. ರಾತ್ರಿಯೆಲ್ಲ ತಿರುಗಿದ ಏಡಿಗಳು ಬಂಡೆ ಸಂದಿಗೆ ವಾಪಸ್ ಸೇರಿಕೊಳ್ಳುವ ಹೊತ್ತು. ನೀನು ಬೂದು ಬಣ್ಣದ ಕಲ್ಲು ಅಂದುಕೊಂಡು ಕೈ ಇಡಲು ಹೋದದ್ದು ಟಾರ್ಚ್ ಬಿಟ್ಟರೆ ಕಡುಗೆಂಪು ಸೀ ಅನಿಮೋನ್ ಅನ್ನುವ ಕಡಲಜೀವಿ! ಅಷ್ಟು ಆಳಕ್ಕೆ ಬರುವ ಹೊತ್ತಿಗೆ ಬೆಳಕಿನ ಕೆಂಪನ್ನೆಲ್ಲ ನೀರು ನುಂಗಿಬಿಟ್ಟಿರುತ್ತದೆ, ಟಾರ್ಚ್ ಇಲ್ಲದಿದ್ದರೆ ಅದು ಬೂದು ಬಣ್ಣವೇ. ಅದರ ಒಂದು ಎಳೆ ನಿನ್ನ ಗ್ಲೌಸಿಗೆ ಅಂಟಿಕೊಂಡು, ಉದ್ದಕ್ಕೆ ಎಳೆದು, ಪಟ್ಟಂತ ಬಿಟ್ಟಿತು. ನೀನು ಮಾಸ್ಕಿನೊಳಗೆ ನಕ್ಕು ನೀರು ತುಂಬಿಸಿಕೊಂಡೆ.

ಆಮೇಲೆ ಸಿಲಿಂಡರಿನಲ್ಲಿ ಎಷ್ಟು ಗಾಳಿ ಉಳಿದಿದೆ ಅಂತ ಹೇಳುವ ಗೇಜ್ ತೋರಿಸು ಅಂತ ನಾನು ಸನ್ನೆ ಮಾಡಿದೆ. ನೀನು ಅದರ ಕ್ಲಿಪ್ ಬಿಚ್ಚಲು ಹೊರಟೆ. ಹೆಬ್ಬೆರಳು ಜಾರಿತು. ಇನ್ನೊಮ್ಮೆ ಒತ್ತಿದೆ, ಮತ್ತೆ ಜಾರಿತು. ನಾನೇ ಬಗ್ಗಿ ನೋಡಿದರೆ 110 ಬಾರ್, ಅರ್ಧಕ್ಕಿಂತ ಜಾಸ್ತಿ. ಆದರೂ ನೀನು ನನ್ನ ಮುಖ ನೋಡಿ ಹೆಬ್ಬೆರಳು ಮೇಲೆ ಮಾಡಿದೆ, ಮೇಲೆ ಹೋಗೋಣ ಅಂತ. ನನಗೆ ಅಷ್ಟು ಸಮಾಧಾನ ಆಯಿತು ಕಣೋ.

ಗೇಜ್ ಹೇಳುವುದು ಸಿಲಿಂಡರಿನ ಕಥೆ ಮಾತ್ರ. ತೇಲಲು ಹಾಕಿಕೊಂಡ ಜಾಕೆಟ್ಟಿನ ಗಾಳಿ ಬಿಡುವುದು, ತುಂಬುವುದು, ತೂಕದ ಬೆಲ್ಟ್ ಬಿಚ್ಚುವುದು ಎಲ್ಲ ಬೆರಳಿನ ಕೆಲಸ. ನನ್ನ ಗಾಳಿ ಕೈಕೊಟ್ಟರೆ ನಿನ್ನ ಎರಡನೇ ರೆಗ್ಯುಲೇಟರ್ (ಸಿಲಿಂಡರಿನ ಗಾಳಿ ಬಾಯಿಗೆ ಕೊಡುವ ಸಾಧನ) ನನ್ನ ಬಾಯಿಗೆ ಕೊಡಬೇಕಾದದ್ದೂ ಅದೇ ಬೆರಳು. ಅವು ಮರಗಟ್ಟಿದ ಮೇಲೆ ನಿನ್ನ 110 ಬಾರ್ ನನ್ನ ಪಾಲಿಗೆ ಇಲ್ಲದ ಹಾಗೇ. ಅಲ್ಲದೆ ಮೇಲೆ ಹೋಗೋಣ ಅಂದ ತಕ್ಷಣ ಚಳಿ ಮುಗಿಯುವುದಿಲ್ಲ. ನಿಧಾನಕ್ಕೆ ಏರಬೇಕು, 5 ಮೀಟರಿನಲ್ಲಿ 3 ನಿಮಿಷ ನಿಲ್ಲಬೇಕು, ಆಮೇಲೆ ಅಲೆ ನೋಡಿಕೊಂಡು ಪಾಚಿ ಕಲ್ಲಿನ ಮೇಲೆ ಸಿಲಿಂಡರ್ ಹೊತ್ತು ನಡೆಯಬೇಕು. ಮೈ ತಣ್ಣಗಾದರೆ ಕೈಕಾಲಿಗೆ ರಕ್ತ ಓಡುವುದು ಕಡಿಮೆ, ಆಳದಲ್ಲಿ ಉಸಿರಾಡಿದ ಗಾಳಿಯಿಂದ ಅಲ್ಲಿ ಸೇರಿಕೊಂಡ ನೈಟ್ರೋಜನ್ ಹೊರಗೆ ಬರುವುದೂ ನಿಧಾನ. ಹಾಗಾಗಿ ಗಾಳಿ ಉಳಿಸಿಕೊಂಡ ಹಾಗೆ ಬಿಸಿಯನ್ನೂ ವಾಪಸ್ ಬರೋಕೆ ಉಳಿಸಿಕೊಳ್ಳಬೇಕು.

ನಿನಗೆ ಮೊದಲು ಚಳಿ ಹತ್ತಿತು ಅಂತ ನಾಚಿಕೆ ಬೇಡ. ಗಾಳಿಗಿಂತ ನೀರು ಸುಮಾರು 25 ಪಟ್ಟು ಬೇಗ ಮೈಬಿಸಿ ಎಳೆದುಕೊಳ್ಳುತ್ತದೆ. ನಾವು ಹಾಕಿದ್ದ ವೆಟ್‌ಸೂಟಿನ ರಬ್ಬರಿನೊಳಗಿನ ಸಣ್ಣ ಸಣ್ಣ ಗಾಳಿಗುಳ್ಳೆಗಳೇ ನಮ್ಮ ಕಂಬಳಿ. 10 ಮೀಟರಿಗೆ ಒತ್ತಡ ಎರಡು ಪಟ್ಟಾಗಿ ಆ ಗುಳ್ಳೆಗಳು ಕುಗ್ಗುತ್ತವೆ, ಸೂಟ್ ತೆಳ್ಳಗಾಗುತ್ತದೆ. ನಿನ್ನ ಸೂಟ್ ಸೊಂಟದ ಹತ್ತಿರ ಸಡಿಲ ಬೇರೆ, ಒಳಗೆ ಬಿಸಿಯಾದ ನೀರು ಪ್ರತಿ ಸಲ ಕಾಲು ಆಡಿಸಿದಾಗಲೂ ಹೊರಗೆ ಹೋಗುತ್ತಿತ್ತು. ನಾನು ಇನ್ನೊಂದು ಕಂಬಳಿ ಹೊದ್ದವನ ಹಾಗೆ ಒಳಗೊಂದು ವೆಸ್ಟ್ ಹಾಕಿದ್ದೆ. ಆದರೂ ಮೇಲೆ ಬಂದಾಗ ನನ್ನ ಗತಿ ನೋಡಿದೆಯಲ್ಲ?

ಮುಂದಿನ ಸಲಕ್ಕೆ ಆ ಬಾಡಿಗೆ ಸೂಟ್ ಬೇಡ, ಮೈಗೆ ಕಚ್ಚಿ ಕೂರುವುದನ್ನು ನೋಡು. ಇಳಿಯುವ ಮೊದಲು ಗ್ಲೌಸಿಗೆ ಫ್ಲಾಸ್ಕಿನ ಬೆಚ್ಚನೆ ನೀರು ಹಾಕಿಕೊಳ್ಳೋಣ, ಸುಡುವಷ್ಟು ಅಲ್ಲ ಮತ್ತೆ! ನೀರು 10 ಡಿಗ್ರಿಗಿಂತ ಕೆಳಗಿದ್ದರೆ ತಣ್ಣೀರಿಗೆಂದೇ ಮಾಡಿದ ರೆಗ್ಯುಲೇಟರ್ ಬೇಕು. ಸಿಲಿಂಡರಿನ ಗಾಳಿ ಹಿಗ್ಗುವಾಗ ಕೊರೆಯುವಷ್ಟು ತಣ್ಣಗಾಗುತ್ತದೆ, ಒಳಗೆ ಮಂಜು ಕಟ್ಟಿ ವಾಲ್ವ್ ತೆರೆದೇ ಉಳಿದರೆ ಗಾಳಿಯೆಲ್ಲ ಬುಸ್ಸೆಂದು ಹೋಗಿಬಿಡುತ್ತದೆ. ದಡದಲ್ಲಿ ನಿಂತು ಸುಮ್ನೆ ರೆಗ್ಯುಲೇಟರಿನ ಬಟನ್ ಒತ್ತಿ ಗಾಳಿ ಬಿಟ್ಟು ಆಡುವ ನಿನ್ನ ಅಭ್ಯಾಸ ಬಿಡು, ಅದೂ ಇದಕ್ಕೇ ದಾರಿ.

ಶನಿವಾರ ಗಾಳಿ ಕಡಿಮೆ ಇದ್ದರೆ ಹೋಗೋಣ. ಕತ್ತಲಿರುವಾಗಲೇ ಫೋನ್ ಮಾಡುತ್ತೇನೆ, ದಯವಿಟ್ಟು ಎತ್ತು.

ಇಂತಿ ನಿನ್ನ ಗೆಳೆಯ