ಗಟ್ಟಿಯಾಗಿ ಓದಿ, ಪುಟ್ಟಿ

ಮಾಟುಂಗಾ, ಮುಂಬಯಿ

ಪ್ರೀತಿಯ ಪುಟ್ಟಿ,

ಪುಣೆಯ ಕೋಥ್ರೂಡಿನ ನಿಮ್ಮ ಸೊಸೈಟಿಯ ಕನ್ನಡದ ಮನೆಗಳೆಲ್ಲ ಸೇರಿ ಓದುವ ಬಳಗ ಶುರುಮಾಡುತ್ತೀರಂತೆ ಎಂದು ಕೇಳಿದಾಗಿನಿಂದ ನನಗೆ ಅದೇ ಯೋಚನೆ. ಫೋನಿನಲ್ಲಿ ಹೇಳಹೊರಟರೆ ಅರ್ಧ ಮರೆತುಹೋಗುತ್ತದೆ, ಅದಕ್ಕೇ ಬರೆಯಲು ಕೂತೆ.

“ಅರ್ಧ ಜನಕ್ಕೆ ಕನ್ನಡ ಮಾತಾಡೋಕೆ ಬರುತ್ತೆ, ಓದೋಕೆ ಬರಲ್ಲ, ಅವರನ್ನೇನು ಮಾಡೋದಮ್ಮ?” ಎಂದೆಯಲ್ಲ, ಮೊದಲು ಅದನ್ನೇ ಹೇಳುತ್ತೇನೆ. ಎಲ್ಲರೂ ಮನೆಯಲ್ಲಿ ಓದಿಕೊಂಡೇ ಬರಬೇಕು ಎಂಬ ಕಟ್ಟುಪಾಡು ಹಾಕಬೇಡಿ. ಸೇರಿದ ಕಡೆಯೇ ಗಟ್ಟಿಯಾಗಿ ಓದಿ. ಒಬ್ಬರು ಓದಲಿ, ಉಳಿದವರು ಕೇಳಲಿ. ಕುಮಾರವ್ಯಾಸ ನಮ್ಮ ಹಳ್ಳಿಗಳಲ್ಲಿ ಉಳಿದದ್ದು ಹಾಗೇ ತಾನೆ? ಗಮಕಿ ಹಾಡುತ್ತಿದ್ದರು, ಪಕ್ಕದಲ್ಲಿ ಕೂತವರು ಅರ್ಥ ಹೇಳುತ್ತಿದ್ದರು. ನಿನ್ನ ಮುತ್ತಜ್ಜಿಗೆ ಅಕ್ಷರ ಗೊತ್ತಿರಲಿಲ್ಲ, ಗದುಗಿನ ಭಾರತದ ಪದ್ಯಗಳು ಮಾತ್ರ ಬಾಯಿಗೇ ಬರುತ್ತಿದ್ದವು. ಮರಾಠಿ, ಇಂಗ್ಲಿಷ್ ಶಾಲೆಗೆ ಹೋದ ನಿಮ್ಮಲ್ಲಿನ ಮಕ್ಕಳ ಕಿವಿಯಲ್ಲೂ ಕನ್ನಡ ಇದ್ದೇ ಇದೆ.

ನಮ್ಮ ಬಳಗಕ್ಕೆ ಒಬ್ಬ ಅಜ್ಜ ಬರುತ್ತಾರೆ. ಹುಡುಗನಾಗಿದ್ದಾಗ ಉಡುಪಿ ಕಡೆಯಿಂದ ಬಂದು, ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಇಲ್ಲಿಯ ಫೋರ್ಟ್ ಬಡಾವಣೆಯ ಕನ್ನಡ ರಾತ್ರಿಶಾಲೆಯಲ್ಲಿ ಕಲಿತವರು. ಅವರು ಓದುವುದನ್ನು ನೀನು ಒಮ್ಮೆ ಕೇಳಬೇಕು. ಬೆರಳು ಸಾಲಿನ ಕೆಳಗೇ ಸರಿಯುತ್ತಿರುತ್ತದೆ. ಮಾತುಕತೆ ಬಂತೆಂದರೆ ತಲೆಯೆತ್ತಿ, ಎದುರಿಗಿದ್ದವರ ಮುಖ ನೋಡಿಯೇ ಆ ಮಾತು ಹೇಳುತ್ತಾರೆ. ಮೊನ್ನೆ ಒಂದು ಕಥೆಯಲ್ಲಿ ಅತ್ತೆ ಸೊಸೆಗೆ ಆಡುವ ಮಾತು ಬಂತು. ಅಜ್ಜ ಜೋರಾಗಿಯೇ ಓದಿದರು. ಪಕ್ಕದ ಬಿಲ್ಡಿಂಗಿನ ಕಾಲೇಜು ಹುಡುಗಿ ತಡೆದಳು: “ಅಜ್ಜಾ, ಅವಳು ಕೂಗಿ ಹೇಳಿರಲಿಕ್ಕಿಲ್ಲ. ಮೆಲ್ಲಗೆ ಹೇಳಿರ್ತಾಳೆ. ಮೆಲ್ಲಗೆ ಹೇಳಿದ್ರೇ ಹೆಚ್ಚು ನೋವಾಗೋದು.” ಅಜ್ಜ ಒಂದು ಗಳಿಗೆ ಅವಳನ್ನೇ ನೋಡಿ, ಅದೇ ಸಾಲನ್ನು ದನಿ ಇಳಿಸಿ ಮತ್ತೆ ಓದಿದರು. ನಮಗೆಲ್ಲ ಮೈ ಜುಮ್ಮೆಂದಿತು. ಆ ಹುಡುಗಿಗೆ ಕನ್ನಡದ ಒಂದಕ್ಷರವೂ ಓದಲು ಬಾರದು ಕಣೇ.

ಜಾಗದ ವಿಷಯ. ಸರದಿ ಪ್ರಕಾರ ಒಬ್ಬೊಬ್ಬರ ಮನೆಯಲ್ಲಿ ಸೇರುವುದು ಬೇಡ. ಮನೆಯಾದರೆ ಆ ಮನೆಯ ಹೆಂಗಸು ಚಹಾ, ಅವಲಕ್ಕಿ ಎಂದು ಒಳಗೇ ಓಡಾಡುತ್ತಾಳೆ, ಕಥೆ ಅವಳ ಕಿವಿಗೆ ಬೀಳುವುದೇ ಇಲ್ಲ. ಲೈಬ್ರರಿಗೆ ಹೋಗಿ ಕೇಳಿ. ನೀನಿರುವುದು 1848ರಿಂದ ನಗರ ವಾಚನ ಮಂದಿರದಂಥ ಲೈಬ್ರರಿ ನಡೆಸಿಕೊಂಡು ಬಂದ ಊರಿನಲ್ಲಿ. ಕನ್ನಡದವರು ಬಂದು ಕೇಳಿದರೆ ಏನಂದುಕೊಳ್ಳುತ್ತಾರೋ ಎಂಬ ಸಂಕೋಚ ಬೇಡ. 1967ರ ಕಾಯಿದೆಯಂತೆ ಮಹಾರಾಷ್ಟ್ರದಲ್ಲಿ ಮಾನ್ಯತೆ ಪಡೆದ ಸಾರ್ವಜನಿಕ ಲೈಬ್ರರಿಗಳಿಗೆ ಅ, ಬ, ಕ, ಡ ಎಂದು ದರ್ಜೆ ಇದೆ, ಅನುದಾನ ಬರುವುದು ದರ್ಜೆ ನೋಡಿ. ಓದುಗರು ಬರುವುದು, ಕಾರ್ಯಕ್ರಮ ನಡೆಯುವುದು ಅವರಿಗೂ ಬೇಕಾದದ್ದೇ. ಅಕ್ಟೋಬರ್ 15, ಅಬ್ದುಲ್ ಕಲಾಂ ಅವರ ಹುಟ್ಟುಹಬ್ಬ, ಇಲ್ಲಿ ‘ವಾಚನ ಪ್ರೇರಣಾ ದಿನ’. ಅದಕ್ಕೆ ಮುಂಚೆ ಹೋದರೆ ಇನ್ನೂ ಒಳ್ಳೆಯದು, ಆ ದಿನಕ್ಕೆ ಏನಾದರೂ ಮಾಡಬೇಕೆಂದು ಅವರೂ ನೋಡುತ್ತಿರುತ್ತಾರೆ.

ನಮ್ಮ ಲೈಬ್ರರಿಯ ಮೇಡಂ ಮರಾಠಿಯವರು. ಯಾರೋ ದಾನ ಕೊಟ್ಟ ಕನ್ನಡ ಪುಸ್ತಕಗಳ ಕಪಾಟು ಅವರಲ್ಲಿತ್ತು. ಪುಸ್ತಕದ ಬೆನ್ನಿಗೆ 894.814 ಎಂದು ಚೀಟಿ ಅಂಟಿಸಿದ್ದರು, ಲೈಬ್ರರಿಯವರು ಪುಸ್ತಕಗಳನ್ನು ವಿಷಯವಾರು ಜೋಡಿಸುವ ಡ್ಯೂಯಿ ಪದ್ಧತಿಯಲ್ಲಿ ಕನ್ನಡ ಸಾಹಿತ್ಯದ ಸಂಖ್ಯೆ ಅದು. ನೀನೂ ಹೋದ ಕಡೆ ಮೊದಲು ಆ ಸಂಖ್ಯೆ ಹುಡುಕು. ಆದರೆ ಯಾವುದು ಕಾದಂಬರಿ, ಯಾವುದು ಕವಿತೆ ಎಂದು ಅವರಿಗೆ ತಿಳಿಯುವುದು ಹೇಗೆ? ನಾವು ಮೂವರು ಹೆಂಗಸರು ಕೂತು ಪ್ರತಿಯೊಂದರ ಹೆಸರು, ಬರೆದವರ ಹೆಸರು ದೇವನಾಗರಿಯಲ್ಲಿ ಬರೆದುಕೊಟ್ಟೆವು. ಆಮೇಲೆ ನೋಡು, ಕೋಣೆ ಸಿಕ್ಕಿತು, ಬಳಗದ ಹೆಸರಿನಲ್ಲೇ ಕಾರ್ಡ್ ಆಯಿತು, ನೋಟಿಸ್ ಬೋರ್ಡಿನಲ್ಲಿ ನಮ್ಮ ತಾರೀಖು ಮೇಡಂ ತಾವೇ ಬರೆಯುತ್ತಾರೆ. ಕೇಳುವುದಕ್ಕೆ ಹೋಗುವಾಗ ಏನು ಮಾಡಿಕೊಡಬಲ್ಲೆವು ಎಂಬುದನ್ನೂ ಯೋಚಿಸಿಕೊಂಡು ಹೋಗಿ.

ಪುಸ್ತಕ ಒಂದೇ ಪ್ರತಿ ಇರುತ್ತದೆ, ಅದೊಂದು ತೊಂದರೆ. ಗಟ್ಟಿಯಾಗಿ ಓದುವಾಗ ಒಂದೇ ಸಾಕು, ಆದರೂ ಕೆಲವರಿಗೆ ಕಣ್ಣಿಗೂ ಅಕ್ಷರ ಬೇಕು. ಬರೆದವರು ತೀರಿಕೊಂಡು 60 ವರ್ಷ ಕಳೆದರೆ ನಮ್ಮ ದೇಶದಲ್ಲಿ ಹಕ್ಕುಸ್ವಾಮ್ಯ ಮುಗಿಯುತ್ತದೆ. ಕೊಡಗಿನ ಗೌರಮ್ಮ ಹೋದದ್ದು 1939ರಲ್ಲಿ, ಅವರ ಕಥೆಗಳನ್ನು ಧಾರಾಳವಾಗಿ ಪ್ರತಿ ಮಾಡಿಸಿ ಹಂಚಬಹುದು. ಅಲ್ಲಿಂದಲೇ ಶುರುಮಾಡಿ ಎನ್ನುತ್ತೇನೆ. ಚಿಕ್ಕ ಕಥೆಗಳು, ಒಂದೇ ಕೂರಿಕೆಗೆ ಮುಗಿಯುತ್ತವೆ. ವಿಧವೆಯರ ಬಾಳು, ಮದುವೆ, ಮನಸ್ಸು ಒಂದು ಕಡೆ ಲೋಕ ಒಂದು ಕಡೆ ಆದವರ ಪಾಡು, ಇವನ್ನೆಲ್ಲ ಇಪ್ಪತ್ತರ ಹರೆಯದಲ್ಲೇ ಅಷ್ಟು ಧೈರ್ಯವಾಗಿ ಬರೆದ ಹೆಣ್ಣುಮಗಳು. ಕೇಳಿದ ಮೇಲೆ ನಿಮ್ಮವರು ಸುಮ್ಮನಿರಲಾರರು.

ಚರ್ಚೆ ಎಂದರೆ ಪರೀಕ್ಷೆ ಆಗಬಾರದು. ಲೇಖಕರ ಆಶಯವೇನು ಎಂದು ಕೇಳಿದರೆ ಎಲ್ಲರೂ ನೆಲ ನೋಡುತ್ತಾರೆ. ಯಾರ ಮೇಲೆ ಸಿಟ್ಟು ಬಂತು ಎಂದು ಕೇಳು, ಮಾತು ನಿಲ್ಲಿಸುವುದೇ ಕಷ್ಟವಾಗುತ್ತದೆ. ಮಾತಾಡದೆ ಕೂತಿರುವವರನ್ನು ಕೂತಿರಲು ಬಿಡು, ಅವರೂ ಕೇಳುತ್ತಿರುತ್ತಾರೆ.

ದಿನ, ಹೊತ್ತು ಬದಲಿಸುತ್ತಾ ಹೋಗಬೇಡಿ. ನಾವಿಲ್ಲಿ ಹಳಿ ದುರಸ್ತಿಗೆಂದು ಲೋಕಲ್ ರೈಲು ತಡೆಯುವ ಭಾನುವಾರದ ಮೆಗಾ ಬ್ಲಾಕಿಗೆ ಹೆದರಿ ಶನಿವಾರ ಸಂಜೆ ಇಟ್ಟುಕೊಂಡಿದ್ದೇವೆ, ಡೊಂಬಿವಲಿಯಿಂದ ಬರುವವರಿಗೆ ರೈಲು ಸಿಗಬೇಕಲ್ಲ. ನಿಮಗೆ ಆ ಕಾಟವಿಲ್ಲ.

ಗೌರಮ್ಮನ ಎರಡು ಕಥೆಗಳನ್ನು ದೊಡ್ಡಕ್ಷರದಲ್ಲಿ ಪ್ರತಿ ಮಾಡಿಸಿಟ್ಟಿದ್ದೇನೆ, ಮುಂದಿನ ವಾರ ನಿನ್ನಪ್ಪ ಬರುವಾಗ ತರುತ್ತಾರೆ. ಅಷ್ಟರೊಳಗೆ ಲೈಬ್ರರಿಗೆ ಹೋಗಿ ಬಾ. ಅವರು ಏನೆಂದರು ಎಂದು ಅವತ್ತೇ ಫೋನ್ ಮಾಡು.

ನಿನ್ನ
ಅಮ್ಮ